ಸಾರ್ ಬರಲಿ, ಹೇಳ್ತೀನಿ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ನಮ್ಮವರಿಗೆ ಓಡಿಸಲು ಬರುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಅವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ಹೇಳಿಯಾರು. ಆದರೆ ಕ್ಲಚ್ಚು ಎಡಗಾಲಿನದೋ ಬಲಗಾಲಿನದೋ ಎಂದು ಕೇಳಿದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಇದರಲ್ಲಿ ನನ್ನದೇನೂ ದೂರಿಲ್ಲ. ಎಲ್ಲರಿಗೂ ಎಲ್ಲವೂ ಬರಬೇಕೆಂದು ಎಲ್ಲಿದೆ? ಅವರು ಪಕ್ಕದ ಸೀಟಿನಲ್ಲಿ ಕುಳಿತು ಪೇಪರು ಓದುತ್ತಾರೆ, ನಾನು ಓಡಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ಸಂಸಾರ ಹೀಗೇ ಸಾಗಿದೆ.

ನನ್ನ ದೂರು ಇರುವುದು ಬೇರೆ ಕಡೆ. ಸಾಗರದಲ್ಲಿ ನಾನು ಕಾರು ತೆಗೆದುಕೊಂಡು ಹೋದ ಗ್ಯಾರೇಜುಗಳಲ್ಲೆಲ್ಲ ನನಗೆ ಸಿಕ್ಕಿದ್ದು ಒಂದೇ ಉತ್ತರ. ಕಾರು ತಂದವಳು ನಾನು, ಶಬ್ದ ಕೇಳಿದವಳು ನಾನು, ಕೊನೆಗೆ ದುಡ್ಡು ಕೊಡುವವಳೂ ನಾನು. "ಏನಾಗಿದೆಯಪ್ಪಾ ಇದಕ್ಕೆ?" ಎಂದು ಕೇಳಿದರೆ ಮಾತ್ರ, ಕೈಗೆ ಹತ್ತಿದ ಗ್ರೀಸನ್ನು ಹಳೆ ಬಟ್ಟೆಗೆ ಒರೆಸಿಕೊಳ್ಳುತ್ತಾ, ನನ್ನ ಹೆಗಲಿನಾಚೆಗೆ ಎಲ್ಲೋ ನೋಡುತ್ತಾ ಒಂದು ಮಾತು: "ಸಾರ್ ಬರಲಿ ಮೇಡಂ, ಹೇಳ್ತೀನಿ."

ಈ ಮಾತನ್ನು ನೀವೂ ಕೇಳಿರುತ್ತೀರಿ. ಗ್ಯಾರೇಜಿನಲ್ಲಿ ಅಲ್ಲದಿದ್ದರೆ ಕರೆಂಟಿನವನ ಬಾಯಲ್ಲಿ, ಮನೆ ಕಟ್ಟುವ ಮೇಸ್ತ್ರಿಯ ಬಾಯಲ್ಲಿ, ವಿಮೆಯ ಏಜೆಂಟನ ಬಾಯಲ್ಲಿ. ನಮ್ಮ ಹೊಟ್ಟೆನೋವನ್ನು ನಮ್ಮೆದುರಿಗೇ ನಮ್ಮ ಗಂಡಂದಿರಿಗೆ ವಿವರಿಸುವ ಡಾಕ್ಟರುಗಳನ್ನೂ ನಾವು ಕಂಡಿದ್ದೇವೆ. ಹೀಗೆ ಮರ್ಯಾದೆಯ ದನಿಯಲ್ಲಿ ಆಡುವ ಮಾತಾದ್ದರಿಂದ ಸಿಟ್ಟು ಮಾಡುವುದೂ ಕಷ್ಟ. ಆದರೆ ಆ ಒಂದು ಮಾತಿನಿಂದ ನನಗೆ ಎಷ್ಟು ನಷ್ಟವಾಯಿತು, ಯಾವ ಅಪಾಯ ಕೂದಲೆಳೆಯಲ್ಲಿ ತಪ್ಪಿತು ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ, ಕೇಳಿ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು, ಲೆಕ್ಕ ತಪ್ಪುವುದಿಲ್ಲ.

2022ರ ಮಳೆಗಾಲ. ನಮ್ಮದು ಹನ್ನೊಂದು ವರ್ಷದ ಹಳೆಯ, ಮೂರು ಸಿಲಿಂಡರಿನ ಪುಟ್ಟ ಕಾರು. ಆಷಾಢದ ಒಂದು ಬೆಳಿಗ್ಗೆ ಚಾಲೂ ಮಾಡಿದಾಗ ಸ್ಟೇರಿಂಗ್ ಹಿಡಿದ ಕೈಗೆ ಏನೋ ಹೊಸ ನಡುಕ ತಗುಲಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ನಿಲ್ಲುತ್ತಿತ್ತು. ಸಿಗ್ನಲಿನಲ್ಲೋ ರೈಲ್ವೆ ಗೇಟಿನಲ್ಲೋ ನಿಂತಾಗ ಮತ್ತೆ ಶುರು. ಕನ್ನಡಿ, ಬಾಗಿಲು, ಡಬ್ಬಿಯಲ್ಲಿಟ್ಟ ಚಿಲ್ಲರೆ ಎಲ್ಲವೂ ಗಲಗಲ. ನಾಲ್ಕು ದಿನ ಕಳೆಯುವಷ್ಟರಲ್ಲಿ, ಹಿಂದಕ್ಕೆ ತೆಗೆಯುವಾಗ ಮುಂಭಾಗದಿಂದ "ಢಬ್" ಎಂಬ ಶಬ್ದ ಸೇರಿಕೊಂಡಿತು. ಯಾರೋ ಒಳಗಿನಿಂದ ಕೊಡಲಿಯ ಹಿಂಬದಿಯಲ್ಲಿ ಗುದ್ದಿದ ಹಾಗೆ.

ಆ ವಾರ ಅಮ್ಮನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗುವುದಿತ್ತು. ಅಮ್ಮನಿಗೆ ಎಂಬತ್ತರ ಹತ್ತಿರ. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದಳು. ಆನಂದಪುರದಲ್ಲಿ ಕಾಫಿಗೆಂದು ನಿಲ್ಲಿಸಿದೆ. ಇಂಜಿನ್ನು ಇನ್ನೂ ಓಡುತ್ತಿತ್ತು. ಅಮ್ಮ ಎರಡೂ ಅಂಗೈಗಳನ್ನು ಸೀಟಿಗೆ ಒತ್ತಿ, ಒಂದು ನಿಮಿಷ ಸುಮ್ಮನಿದ್ದು ಹೇಳಿದಳು: "ಅಲ್ಲ ಮಾರಾಯ್ತಿ, ಗ್ರೈಂಡರಿನ ಅಡಿಗೆ ಗೋಣಿಚೀಲ ಹಾಕದೆ ರುಬ್ಬಿದ ಹಾಗೆ ಆಗ್ತಿದೆಯಲ್ಲೇ ಇದು. ಅಡಿಗೆ ಹಾಕಿದ್ದೇನೋ ಹರಿದು ಹೋಗಿದೆ ನೋಡು."

ನಾನು ನಕ್ಕುಬಿಟ್ಟೆ. ಅಮ್ಮ ಓದಿದ್ದು ನಾಲ್ಕನೇ ಇಯತ್ತೆ. ಆ ನಗೆಯ ಬೆಲೆಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು.

ಮೊದಲನೆಯ ಗ್ಯಾರೇಜಿನವನು ಕಾರನ್ನು ಒಂದು ಸುತ್ತು ಓಡಿಸಿ ಬಂದ. "ಹೊರಡುವಾಗ ಜರ್ಕ್ ಹೊಡೀತದೆ. ಸಾರ್ ಬರಲಿ, ಹೇಳ್ತೀನಿ" ಎಂದ. ಸಾರ್‌ಗೆ ಕ್ಲಾಸಿತ್ತು. ನಾನೇ ಫೋನು ಹಚ್ಚಿಕೊಟ್ಟೆ. ಈ ಕಡೆಯಿಂದ ಐದು ನಿಮಿಷ ಪಾಠವಾಯಿತು, ಆ ಕಡೆಯಿಂದ "ಹ್ಞೂಂ... ಹ್ಞೂಂ... ಹಾಗಾದ್ರೆ ಮಾಡಿಬಿಡಿ" ಎಂಬ ಅಪ್ಪಣೆಯಾಯಿತು. ಸಂಜೆ ಮನೆಯಲ್ಲಿ ಕೇಳಿದೆ, "ಏನಂತೆ?"

"ಏನೋ ಪ್ಲೇಟಂತೆ."

"ಯಾವ ಪ್ಲೇಟು?"

"ಊಟದ್ದಂತೂ ಅಲ್ಲ" ಎಂದರು ನಮ್ಮವರು.

ಕ್ಲಚ್ ಪ್ಲೇಟು ಬದಲಾಯಿತು. 6,500 ರೂಪಾಯಿ. ಢಬ್ ಎನ್ನುವುದು ಹಾಗೇ ಇತ್ತು. ಮತ್ತೆ ಹೋಗಿ ಹೇಳಿದರೆ, "ಹೊಸ ಪ್ಲೇಟಲ್ವಾ ಮೇಡಂ, ಸೆಟ್ ಆಗ್ತದೆ. ನಿಮಗೆ ಹಾಗೆ ಅನ್ನಿಸ್ತದೆ ಅಷ್ಟೆ" ಎಂಬ ಸಮಾಧಾನ ಸಿಕ್ಕಿತು.

ಹದಿನೈದು ದಿನದಲ್ಲಿ ಸೈಲೆನ್ಸರ್ ಪೈಪಿನ ಜಾಯಿಂಟು ಬಿರುಕು ಬಿಟ್ಟು ಕಾರು ಟ್ರ್ಯಾಕ್ಟರಿನ ಹಾಗೆ ಗುಡುಗತೊಡಗಿತು. ಎರಡನೆಯ ಗ್ಯಾರೇಜು. ವೆಲ್ಡಿಂಗಿಗೆ 800 ರೂಪಾಯಿ. ಮೂರು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಬಿರುಕು, ಮತ್ತೆ 800. ಬಾನೆಟ್ಟು ತೆಗೆದಾಗ ಇಂಜಿನ್ನಿನ ಬಲಮಗ್ಗುಲಲ್ಲಿ ಕಪ್ಪಗೆ ಎಣ್ಣೆ ಇಳಿದಿದ್ದು ನನಗೇ ಕಂಡಿತು. ಇದೇನು ಎಂದು ಬೆರಳು ತೋರಿಸಿದೆ. "ಹಳೆ ಗಾಡಿ ಮೇಡಂ, ಸ್ವಲ್ಪ ಬೆವರ್ತದೆ" ಎಂದ. ಸರಿ, ಮಳೆಗಾಲದಲ್ಲೂ ಬೆವರುವ ಕಾರು ಎಂದುಕೊಂಡು ಬಂದೆ.

ಮೂರನೆಯವನು ಸ್ವಲ್ಪ ದೊಡ್ಡ ಗ್ಯಾರೇಜಿನವನು. ಗೇರ್‌ಬಾಕ್ಸ್ ಬಿಚ್ಚಬೇಕು, 22,000 ಆಗಬಹುದು ಎಂದು ಚೀಟಿ ಬರೆದ. ಯಾಕೆ ಬಿಚ್ಚಬೇಕು, ಒಳಗೆ ಏನಾಗಿರಬಹುದು ಎಂದು ಕೇಳಿದೆ. "ಅದೆಲ್ಲ ನಿಮಗೆ ಗೊತ್ತಾಗಲ್ಲ ಮೇಡಂ. ಸಾರನ್ನು ಕರಕೊಂಡು ಬನ್ನಿ." ಸಾರನ್ನು ಕರೆದುಕೊಂಡು ಹೋದೆ. ಅವರು ಬಾನೆಟ್ಟಿನೊಳಗೆ ಬಗ್ಗಿ, ಹಂಪಿಯ ಶಾಸನ ನೋಡುವ ಗಾಂಭೀರ್ಯದಲ್ಲಿ ನೋಡಿ, ತಲೆದೂಗಿದರು. ಅವನೂ ತಲೆದೂಗಿದ. ಇಬ್ಬರು ಗಂಡಸರು ಹೀಗೆ ಪರಸ್ಪರ ತಲೆದೂಗಿದರೆ ಲೋಕದ ಎಷ್ಟೋ ವ್ಯವಹಾರಗಳು ಮುಗಿದುಹೋಗುತ್ತವೆ. ಅದೃಷ್ಟಕ್ಕೆ ಅಷ್ಟು ದುಡ್ಡು ಆಗ ಕೈಯಲ್ಲಿರಲಿಲ್ಲ. ದಸರೆ ಕಳೆಯಲಿ ಎಂದು ಬಂದೆವು.

ಆ ನಡುವೆ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮರುದಿನ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡ ಅಮ್ಮನನ್ನು ಕೂರಿಸಿಕೊಂಡು ವಾಪಸು ಬರುತ್ತಿದ್ದೆ. ಸಂಜೆಯ ಮಳೆ. ಕುಂಸಿ ದಾಟಿದ ಮೇಲೆ ಒಂದು ಏರಿನಲ್ಲಿ, ಹಿಂದೆ ಒಂದು ತುಂಬಿದ ಲಾರಿ ಬರುತ್ತಿರುವಾಗ, ಢಬ್ ಎಂದು ಇಂಜಿನ್ನು ಹೊರಳಿತು. ಗೇರು ತಾನಾಗಿ ಕಳಚಿಕೊಂಡಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ಅರಚುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಲಾರಿಯ ದೀಪ ಕನ್ನಡಿ ತುಂಬ ಬೆಳೆಯಿತು. ಎರಡು ಸಲ ಗೇರಿನ ಕೋಲು ಒತ್ತಿದ ಮೇಲೆ ಹತ್ತಿಕೊಂಡಿತು. ಲಾರಿಯವನು ಹಾರ್ನು ಹೊಡೆಯುತ್ತಾ ಪಕ್ಕದಲ್ಲೇ ಉಜ್ಜಿಕೊಂಡ ಹಾಗೆ ಹೋದ. ಅಮ್ಮನಿಗೆ ಕಣ್ಣು ಕಟ್ಟಿತ್ತು, ಏನೂ ಕಾಣಲಿಲ್ಲ. "ಯಾಕೆ ನಿಲ್ಲಿಸಿದೆ?" ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಚೋರಡಿಯಲ್ಲಿ ರಸ್ತೆ ಬದಿಗೆ ನಿಲ್ಲಿಸಿ, ಕೈ ನಡುಗುವುದು ನಿಲ್ಲುವ ತನಕ ಕಾದು, ಆಮೇಲೆ ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಸುತ್ತುತ್ತಿದ್ದುದು ಒಂದೇ: ಮೂರು ತಿಂಗಳಿಂದ ಈ ಶಬ್ದದ ಬಗ್ಗೆ ಮೂವರಿಗೆ ಹೇಳಿದ್ದೇನೆ. ಒಬ್ಬರೂ ನನ್ನ ಮಾತನ್ನು ಮಾತೆಂದು ಎಣಿಸಲಿಲ್ಲ.

ಮರುದಿನ ಬ್ಯಾಂಕಿನಲ್ಲಿ ಪಿಂಚಣಿ ತೆಗೆದುಕೊಳ್ಳಲು ಬರುವ ಒಬ್ಬ ಹಿರಿಯರನ್ನು ಕೇಳಿದೆ. ಕೆಎಸ್ಸಾರ್ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮನೆಯ ಹಿಂದೆ ತಗಡಿನ ಮಾಡು ಇಳಿಸಿಕೊಂಡು ಪರಿಚಯದವರ ಗಾಡಿ ನೋಡಿಕೊಡುತ್ತಾರೆ. ಭಾನುವಾರ ಬನ್ನಿ ಎಂದರು. ಹೋದೆ. ಅವರು ಕಾರನ್ನು ಮುಟ್ಟಲೇ ಇಲ್ಲ. ಒಂದು ಸ್ಟೂಲು ಎಳೆದುಕೊಂಡು ಕೂತು ನನ್ನನ್ನು ಕೇಳತೊಡಗಿದರು. "ಶಬ್ದ ಯಾವಾಗ ಬರ್ತದೆ ತಾಯಿ? ನಿಂತಾಗಲೋ, ಓಡುವಾಗಲೋ? ಮುಂದಕ್ಕೆ ಹೋಗುವಾಗಲೋ ಹಿಂದಕ್ಕೋ? ರೇಸ್ ಮಾಡಿದ್ರೆ ಹೆಚ್ಚಾಗ್ತದೋ ಕಡಿಮೆಯೋ? ಮೊದಲು ನಡುಕ ಬಂತೋ, ಮೊದಲು ಶಬ್ದ ಬಂತೋ?"

ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು. ಮೂರು ತಿಂಗಳಿಂದ ಇತ್ತು. ಕೇಳಿದವರಿರಲಿಲ್ಲ.

"ಇಂಜಿನ್ ಮೌಂಟಿಂಗ್ ಹೋಗಿದೆ" ಎಂದರು ಅವರು, ಇನ್ನೂ ಸ್ಟೂಲಿನಲ್ಲಿ ಕೂತೇ. ಆಮೇಲೆ ಬಾನೆಟ್ಟು ತೆಗೆದು, ನನ್ನನ್ನು ಒಳಗೆ ಕೂರಿಸಿ, ತಾವು ಪಕ್ಕಕ್ಕೆ ಸರಿದು ನಿಂತರು. "ಯಾವತ್ತೂ ಗಾಡಿಯ ಮುಂದೆ ನಿಂತು ಇದನ್ನು ನೋಡಬಾರದು" ಎಂದು ಮೊದಲೇ ಹೇಳಿದರು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಒಂದೇ ಒಂದು ಎಳೆ ಬಿಡಲು ಹೇಳಿದರು. ಆಮೇಲೆ ರಿವರ್ಸಿನಲ್ಲಿ ಹಾಗೇ. ಆಮೇಲೆ ತಮ್ಮ ಮಗನನ್ನು ಕೂರಿಸಿ, ನನ್ನನ್ನು ಇಳಿಸಿ ತೋರಿಸಿದರು. ಅಷ್ಟು ದೊಡ್ಡ ಇಂಜಿನ್ನು, ಬಲಮಗ್ಗುಲು ಎರಡಂಗುಲ ಮೇಲಕ್ಕೆದ್ದು ಢಬ್ ಎಂದು ಕೂತಿತು. ಅಮ್ಮ ಹೇಳಿದ ಗೋಣಿಚೀಲ ಹರಿದಿತ್ತು!

ಈಗ ಈ ಮೌಂಟಿಂಗ್ ಎಂದರೇನು ಎಂದು ನಾನು ಹೇಳುತ್ತೇನೆ. ನಾಳೆ ಯಾರಾದರೂ "ಅದೆಲ್ಲ ನಿಮಗೆ ಗೊತ್ತಾಗಲ್ಲ" ಎಂದರೆ, ಗೊತ್ತಾಗಲು ಅಲ್ಲಿ ಎಷ್ಟು ಕಡಿಮೆ ಇದೆ ಎಂಬುದು ನಿಮಗೆ ತಿಳಿದಿರಲಿ. ಕಾರು ನಿಂತಿದ್ದಾಗ ಇಂಜಿನ್ನು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನಲ್ಲೂ ಪೆಟ್ರೋಲು ಉರಿದು ಒಂದು ಹೊಡೆತ. ಮೂರು ಸಿಲಿಂಡರಿಗೆ ನಿಮಿಷಕ್ಕೆ 1,200. ಎಂದರೆ ಸೆಕೆಂಡಿಗೆ 20 ಹೊಡೆತ. ಇದನ್ನು ನೇರವಾಗಿ ಕಾರಿನ ಮೈಗೆ ಬೋಲ್ಟು ಹಾಕಿ ಬಿಗಿದರೆ ಒಳಗೆ ಕೂತವರ ಹಲ್ಲು ಉದುರುವುದೊಂದು ಬಾಕಿ. ಅದಕ್ಕೇ ಇಂಜಿನ್ನಿಗೂ ಮೈಗೂ ನಡುವೆ, ನಮ್ಮಂಥ ಕಾರುಗಳಲ್ಲಿ ಮೂರು ನಾಲ್ಕು ಕಡೆ, ಕಬ್ಬಿಣದ ಎರಡು ತುಂಡುಗಳ ಮಧ್ಯೆ ಅಂಟಿಸಿದ ದಪ್ಪ ರಬ್ಬರು ಇರುತ್ತದೆ. ಕೆಲವು ಕಾರುಗಳಲ್ಲಿ ರಬ್ಬರಿನ ಒಳಗೆ ದ್ರವವನ್ನೂ ತುಂಬಿರುತ್ತಾರೆ. ಅದರ ಕೆಲಸ ಎರಡು: ಇಂಜಿನ್ನಿನ ಭಾರ ಹೊರುವುದು, ಹೊಡೆತ ನುಂಗುವುದು. ಅಮೆರಿಕದ ಕ್ರೈಸ್ಲರ್ ಕಂಪನಿಯವರು 1931ರಲ್ಲಿ ಪ್ಲಿಮತ್ ಕಾರಿನ ಇಂಜಿನ್ನನ್ನು ಹೀಗೆ ರಬ್ಬರಿನ ಮೇಲೆ ತೂಗಿಸಿ, ಅದಕ್ಕೆ 'ಫ್ಲೋಟಿಂಗ್ ಪವರ್', ಎಂದರೆ ತೇಲುವ ಶಕ್ತಿ, ಎಂದು ಹೆಸರಿಟ್ಟು ದೊಡ್ಡ ಪ್ರಚಾರ ಮಾಡಿದರು. ಮರುವರ್ಷವೇ ಫ್ರಾನ್ಸಿನ ಸಿಟ್ರನ್ ಕಂಪನಿ ಅದರ ಹಕ್ಕು ಪಡೆದು ತನ್ನ ಕಾರುಗಳಿಗೂ ಅಳವಡಿಸಿತು. ನಮ್ಮ ಅಮ್ಮ ಗ್ರೈಂಡರಿನ ಅಡಿಗೆ ನಾಲ್ಕು ಮಡಿಕೆ ಗೋಣಿ ಹಾಕಿದ್ದಕ್ಕೆ ಯಾರೂ ಹೆಸರಿಡಲಿಲ್ಲ, ಹಕ್ಕು ಕೇಳಲಿಲ್ಲ. ಗ್ರೈಂಡರು ಮಾತ್ರ ನೆಲದ ಮೇಲೆ ನಡೆದು ಹೋಗದೆ ಕೂತ ಜಾಗದಲ್ಲೇ ಕೂತಿತ್ತು.

ಈ ರಬ್ಬರು ಹರಿದರೆ ಏನಾಗುತ್ತದೆ? ಇಂಜಿನ್ನು ಕುಣಿಯುತ್ತದೆ. ಹೊರಡುವಾಗ ಜರ್ಕ್ ಹೊಡೆಯುತ್ತದೆ. ನೋಡಿದವರಿಗೆ ಕ್ಲಚ್ಚು ಹೋಗಿದೆ ಅನ್ನಿಸುತ್ತದೆ. ಇಂಜಿನ್ನಿಗೆ ಅಂಟಿಕೊಂಡ ಸೈಲೆನ್ಸರ್ ಪೈಪು ಅದರ ಜೊತೆ ತೊನೆದು ತೊನೆದು ಬಿರುಕು ಬಿಡುತ್ತದೆ. ಗೇರಿನ ಕೋಲಿಗೂ ಗೇರ್‌ಬಾಕ್ಸಿಗೂ ಇರುವ ಸಂಬಂಧ ಜಗ್ಗಿ ಗೇರು ಕಳಚುತ್ತದೆ. ಅಂದರೆ ನಾನು ಕ್ಲಚ್ಚಿಗೆ ಕೊಟ್ಟಿದ್ದು, ವೆಲ್ಡಿಂಗಿಗೆ ಎರಡು ಸಲ ಕೊಟ್ಟಿದ್ದು, ಗೇರ್‌ಬಾಕ್ಸಿಗೆ ಕೊಡಲು ಹೊರಟಿದ್ದು ಎಲ್ಲವೂ ಒಂದೇ ರಬ್ಬರಿನ ಹೆಸರಿನಲ್ಲಿ. ಕ್ಲಚ್ ಬದಲಿಸುವಾಗ ಗೇರ್‌ಬಾಕ್ಸ್ ಇಳಿಸಿದ್ದರು. ಆಗ ಎಡಗಡೆಯ ಮೌಂಟಿಂಗ್ ಬಿಚ್ಚಿರಲೇಬೇಕು. ಅದು ಚೆನ್ನಾಗಿತ್ತು. ಹರಿದದ್ದು ಬಲಗಡೆಯದು. ಅತ್ತ ಯಾರೂ ಕಣ್ಣು ಹಾಯಿಸಲಿಲ್ಲ. ಯಾಕೆ ಹಾಯಿಸಲಿಲ್ಲ? ನಿಂತಾಗ ನಡುಕ, ರೇಸ್ ಮಾಡಿದರೆ ಕಡಿಮೆ, ರಿವರ್ಸಿನಲ್ಲಿ ಢಬ್ ಎಂಬ ಮೂರು ಮಾತನ್ನು ಹೇಳಬಲ್ಲವಳು ಎದುರಿಗೇ ನಿಂತಿದ್ದಳು. ಅವಳನ್ನು ಬಿಟ್ಟು ಅವರು ಕೇಳಿದ್ದು ಆ ಶಬ್ದವನ್ನು ಪೇಪರಿನ ಹಿಂದಿನಿಂದ ಕೇಳಿಸಿಕೊಳ್ಳದೇ ಇದ್ದವರನ್ನು.

ಇನ್ನು ಆ ಬೆವರು. ಎಣ್ಣೆ ಇಳಿಯುತ್ತಿದ್ದುದು ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ. ಅಲ್ಲಿಂದ ತೊಟ್ಟು ತೊಟ್ಟಾಗಿ ಬಲಗಡೆಯ ಮೌಂಟಿಂಗಿನ ಮೇಲೆ. ರಬ್ಬರಿಗೆ ಇಂಜಿನ್ ಎಣ್ಣೆ ವಿಷ. ಉಬ್ಬಿ, ಮೆತ್ತಗಾಗಿ, ಕೊನೆಗೆ ಹರಿಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟಿಗೆ ದಿನಾ ಎಣ್ಣೆ ತಾಗಿದರೆ ಏನಾಗುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. "ಮೊದಲು ಪ್ಯಾಕಿಂಗ್ ಹಾಕ್ಬೇಕು ತಾಯಿ. ಇಲ್ಲಾಂದ್ರೆ ಹೊಸ ಮೌಂಟಿಂಗೂ ಹೀಗೇ ಹೋಗ್ತದೆ" ಎಂದರು ಹಿರಿಯರು.

ಬದಲಿಸುವ ಕೆಲಸ ಮರು ಭಾನುವಾರ. ಅವರು ನನ್ನನ್ನು ದೂರ ಕೂರಿಸಲಿಲ್ಲ, ಬ್ಯಾಟರಿ ದೀಪ ಹಿಡಿಯಲು ಹೇಳಿದರು. ಪ್ಯಾಕಿಂಗ್ ಹಾಕಿ, ಹಳೆಯ ಎಣ್ಣೆಯನ್ನೆಲ್ಲ ಒರೆಸಿದ ಮೇಲೆ ಇಂಜಿನ್ನಿನ ಅಡಿಗೆ ಜಾಕು ಬಂತು. ಜಾಕು ನೇರವಾಗಿ ಆಯಿಲ್ ಸಂಪಿಗೆ ತಾಗಿದರೆ ತಗಡು ಒಳಕ್ಕೆ ಹೋಗುತ್ತದೆ. ನಡುವೆ ಅಗಲವಾದ ಮರದ ಹಲಗೆ ಇಡಬೇಕು. ಎತ್ತುವುದೂ ಬಹಳ ಅಲ್ಲ, ಇಂಜಿನ್ನಿನ ಭಾರ ಮೌಂಟಿಂಗಿನಿಂದ ಜಾಕಿಗೆ ಬರುವಷ್ಟು ಮಾತ್ರ. ಆ ಹೊತ್ತಿನಲ್ಲಿ ಯಾರೂ ಕಾರಿನ ಅಡಿಗೆ ತಲೆ ಹಾಕಬಾರದು. ಬೋಲ್ಟುಗಳನ್ನು ಬಿಚ್ಚಿ ಹಳೆಯದನ್ನು ಹೊರಗೆ ತೆಗೆದರು. ನನ್ನ ಕೈಗೆ ಕೊಟ್ಟರು. ನಾವು ಬೇಸಿಗೆಯಲ್ಲಿ ಬರಿಗಾಲಲ್ಲಿ ಓಡಾಡಿದಾಗ ಹಿಮ್ಮಡಿ ಒಡೆಯುತ್ತದಲ್ಲ, ಥೇಟು ಹಾಗೆ ಒಡೆದು, ರಬ್ಬರು ಒಂದು ಕಡೆ, ಕಬ್ಬಿಣ ಒಂದು ಕಡೆ. ಅಂಗೈಯಗಲದ ವಸ್ತು.

ಹೊಸದನ್ನು ಕೂರಿಸುವಾಗ ಒಂದು ನಿಯಮ ಹೇಳಿದರು. ಎಲ್ಲ ಬೋಲ್ಟುಗಳೂ ಮೊದಲು ಬೆರಳಲ್ಲೇ ಎರಡು ಮೂರು ಸುತ್ತು ಹತ್ತಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ, ಇನ್ನೊಂದರ ತೂತು ಎದುರಿಗೆ ಬರುವುದಿಲ್ಲ. ಒತ್ತಾಯ ಮಾಡಿದರೆ ಮರೆ ಕೆಡುತ್ತದೆ. ಎಲ್ಲವೂ ಹತ್ತಿದ ಮೇಲೆ ಜಾಕನ್ನು ನಿಧಾನ ಇಳಿಸಿ, ಇಂಜಿನ್ನು ತನ್ನ ಭಾರದಲ್ಲಿ ತಾನು ಕೂತ ಮೇಲೆ, ಕೊನೆಯ ಬಿಗಿ. ಅದಕ್ಕೆ ಕಂಪನಿಯವರು ಹೇಳಿದ ಅಳತೆಯಿದೆ. ಆ ಅಳತೆ ಬಂದ ಕೂಡಲೇ "ಕಟ್" ಎನ್ನುವ ಒಂದು ಸ್ಪ್ಯಾನರ್ ಇದೆ. ಕೊನೆಯ ಬೋಲ್ಟಿಗೆ ಅದನ್ನು ನನ್ನ ಕೈಗೆ ಕೊಟ್ಟರು. ಕಟ್ ಎಂದಿತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಲಕ್ಷಗಟ್ಟಲೆ ಎಣಿಸಿದ ಕೈಗೆ ಆ ಕಟ್ ಎಂಬುದು ಯಾಕೆ ಅಷ್ಟು ಸಂತೋಷ ಕೊಟ್ಟಿತೋ!

ಲೆಕ್ಕ: ಮೌಂಟಿಂಗ್ 1,400, ಪ್ಯಾಕಿಂಗ್ 250, ಕೂಲಿ ಎಂದು ಅವರು ತೆಗೆದುಕೊಂಡಿದ್ದು 600. ಒಟ್ಟು 2,250 ರೂಪಾಯಿ. ಸುಮ್ಮನೆ ಕಳೆದದ್ದು 8,100. ಕಳೆಯಲು ಹೊರಟಿದ್ದು 22,000. ಕುಂಸಿಯ ಏರಿನಲ್ಲಿ ಕಳೆಯಬಹುದಾಗಿದ್ದಕ್ಕೆ ಯಾವ ಖಾತೆಯಲ್ಲಿ ಬರೆಯಲಿ?

ಈ ಕಥೆಯನ್ನು ನಮ್ಮ ಮಹಿಳಾ ಮಂಡಳಿಯಲ್ಲಿ ಹೇಳಿದಾಗ ಒಬ್ಬರು ಅಂದರು, "ಅಲ್ರೀ, ಅಡುಗೆ, ಮಕ್ಕಳು, ಆಫೀಸು, ಅತ್ತೆ ಮಾವ ಇವಿಷ್ಟು ಸಾಲದು ಅಂತ ಇನ್ನು ಸ್ಪ್ಯಾನರೂ ಹಿಡೀಬೇಕೇನ್ರೀ? ಅಷ್ಟಾದ್ರೂ ಗಂಡಸರು ಮಾಡ್ಲಿ ಬಿಡಿ." ಎಲ್ಲರೂ ನಕ್ಕರು. ನನಗೂ ಆ ಮಾತಿನ ದಣಿವು ಅರ್ಥವಾಗುತ್ತದೆ. ಆದರೆ ಅಮ್ಮಾ, ಗಂಡಸರು ಮಾಡಲಿಲ್ಲವಲ್ಲ! ನಮ್ಮ ಮನೆಯ ಗಂಡಸು ತಲೆದೂಗಿದರು, ಗ್ಯಾರೇಜಿನ ಗಂಡಸು ಚೀಟಿ ಬರೆದ. ಓಡಿಸುವವಳು ಮಾತ್ರ ನಾನೇ. ಎಲ್ಲರೂ ಸ್ಪ್ಯಾನರ್ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಬಟ್ಟೆ ಹೊಲಿಯಲು ಟೈಲರಿಗೆ ಕೊಡುತ್ತೇವೆ. ಆದರೆ ತೋಳು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಹೇಳುವವರು ತೊಟ್ಟವರೇ ತಾನೇ? "ಯಜಮಾನರು ಬರಲಿ, ರವಿಕೆಯ ಅಳತೆ ಹೇಳ್ತೀನಿ" ಎಂದು ಟೈಲರು ಅಂದರೆ ಸುಮ್ಮನಿರುತ್ತೇವೆಯೇ?

ಇನ್ನೊಬ್ಬರು, "ನಮಗೆ ಮಷೀನು ಗೀಷಿನು ತಲೆಗೆ ಹತ್ತಲ್ಲಪ್ಪ" ಎಂದರು. ಇದನ್ನಂತೂ ನಾನು ಒಪ್ಪುವುದಿಲ್ಲ. ಮಿಕ್ಸಿ ಒಂದು ಬಗೆಯಲ್ಲಿ ಅರಚಿದರೆ ಜಾರಿನ ಕಪ್ಲರ್ ಸವೆದಿದೆ, ಇನ್ನೊಂದು ಬಗೆಯಲ್ಲಾದರೆ ಬುಷ್ ಹೋಗಿದೆ ಎಂದು ಒಳಕೋಣೆಯಲ್ಲಿ ಕೂತು ಹೇಳುವವರು ಯಾರು? ಕುಕ್ಕರಿನ ಸೀಟಿ ಏಳುವ ಮುಂಚಿನ ಬುಸುಬುಸು ಕೇಳಿಯೇ ಗ್ಯಾಸ್ಕೆಟ್ ಸಡಿಲ ಎಂದು ತಿಳಿಯುವವರು ಯಾರು? ವಾಷಿಂಗ್ ಮಷೀನು ಕುಣಿದರೆ ಬಟ್ಟೆ ಒಂದೇ ಕಡೆ ಸೇರಿದೆ ಎಂದು ಮುಚ್ಚಳ ತೆಗೆದು ಸರಿಮಾಡುವವರು ಯಾರು? ಮನೆಯಲ್ಲಿ ದಿನಕ್ಕೆ ಹತ್ತು ಯಂತ್ರಗಳ ಜೊತೆ ಏಗುವ ಜೀವಕ್ಕೆ ಹನ್ನೊಂದನೆಯದು ತಲೆಗೆ ಹತ್ತುವುದಿಲ್ಲ ಎಂದು ಹೇಳಿಕೊಟ್ಟವರು ಯಾರೋ, ನಂಬಿದವರು ಮಾತ್ರ ನಾವು. ಅಡುಗೆಮನೆಯ ಯಂತ್ರದ ಜ್ಞಾನಕ್ಕೆ ಜ್ಞಾನ ಎಂಬ ಹೆಸರಿಲ್ಲ. ಅದೇ ಜ್ಞಾನ ಗ್ಯಾರೇಜಿನಲ್ಲಿದ್ದರೆ ಅದಕ್ಕೆ ಕೂಲಿಯುಂಟು.

ತಪ್ಪು ಗ್ಯಾರೇಜಿನ ಹುಡುಗರದ್ದಷ್ಟೇ ಎಂದೂ ನಾನು ಹೇಳಲಾರೆ. ಹತ್ತು ಹನ್ನೆರಡು ವರ್ಷಕ್ಕೇ ಶಾಲೆ ಬಿಟ್ಟು, ಬೈಗುಳ ತಿಂದು, ನೋಡಿ ನೋಡಿಯೇ ಕಲಿತವರು ಎಷ್ಟೋ ಮಂದಿ. ಹೆಂಗಸು ಗಾಡಿಯ ಬಗ್ಗೆ ಕೇಳುವುದನ್ನು ಅವರು ಕಂಡೇ ಇಲ್ಲ, ಯಾಕೆಂದರೆ ನಾವು ಕೇಳಿಯೇ ಇಲ್ಲ. ಕಲಿಸುವ ಕಡೆಯಲ್ಲೂ ಅಷ್ಟೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಡ್ರೈವಿಂಗ್ ಶಾಲೆಗಳಿಗೆ ಬರೆದ ಪಠ್ಯಕ್ರಮದಲ್ಲಿ ವಾಹನದ ಯಂತ್ರರಚನೆ ಮತ್ತು ರಿಪೇರಿ ಎಂಬ ಭಾಗವೂ ಇದೆ. ನಾನು ಕಲಿತ ಶಾಲೆಯಲ್ಲಿ ಒಂದು ದಿನವೂ ಬಾನೆಟ್ಟು ತೆರೆಯಲಿಲ್ಲ. ಎಂಟು ಬಿಡಿಸಲು ಕಲಿಸಿದರು, ಕೈ ತೋರಿಸಲು ಕಲಿಸಿದರು, ಲೈಸೆನ್ಸು ಕೈಗೆ ಬಂತು. ಕೀಲಿಕೈ ಕೊಟ್ಟು ಮನೆಯೊಳಗೆ ಬಿಡದ ಹಾಗೆ.

ಮೋಟಾರು ಕಾರಿನ ಚರಿತ್ರೆಯ ಮೊದಲ ಪುಟದಲ್ಲೇ ಒಬ್ಬಳು ಹೆಂಗಸಿದ್ದಾಳೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ಮಾಡಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ, ಗಂಡನಿಗೆ ಮುಂಚೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರಿನಷ್ಟು ಹೊರಟಳು. ಅಷ್ಟು ದೂರ ಯಾರೂ ಮೋಟಾರಿನಲ್ಲಿ ಹೋಗಿರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿ ಉಜ್ಜಿ ಸುಲಿದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆದಾಗ ಚಮ್ಮಾರನ ಅಂಗಡಿಯಲ್ಲಿ ಚರ್ಮ ಹೊಡೆಸಿದಳು. ದಾರಿಯಲ್ಲಿ ಆ ಚಮ್ಮಾರ, "ಬೆಂಜ್ ಸಾಹೇಬರು ಬರಲಿ, ಹೇಳ್ತೀನಿ" ಎಂದಿದ್ದರೆ? ಅವನು ಹಾಗೆನ್ನಲಿಲ್ಲ, ಅವಳಿಗೆ ಬೇಕಾದುದೇನೆಂದು ಅವಳು ಹೇಳಿದಳು, ಅವನು ಹೊಡೆದುಕೊಟ್ಟ. ನೂರ ಮೂವತ್ತು ವರ್ಷಗಳ ಮೇಲೂ ನಾವು ಸಾಹೇಬರಿಗಾಗಿ ಕಾಯುತ್ತಿದ್ದೇವೆ. ಇನ್ನು ವಿದ್ಯುತ್ ಕಾರು ಬಂತು, ಇಂಜಿನ್ನೇ ಇಲ್ಲ ಎಂದು ಕೆಲವರು ಸಮಾಧಾನ ಹೇಳಿಯಾರು. ಅದರ ಮೋಟಾರಿಗೂ ಮೌಂಟಿಂಗ್ ಇರುತ್ತದೆ. "ಸಾರ್ ಬರಲಿ" ಎಂಬುದು ಬ್ಯಾಟರಿಯಲ್ಲೂ ಓಡುವ ಮಾತು.

ಆದ್ದರಿಂದ ನನ್ನದೊಂದು ಸಣ್ಣ ಒತ್ತಾಯ. ಬಾನೆಟ್ಟು ತೆರೆಯುವ ಹಿಡಿ ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಇವತ್ತೇ ಹುಡುಕಿ. ಒಳಗೆ ಎಣ್ಣೆ ಬೆವರಿದ ಜಾಗವಿದ್ದರೆ ಬೆರಳಿಟ್ಟು ಕೇಳಿ. ಶಬ್ದ ಬಂದರೆ ಯಾವಾಗ, ಎಲ್ಲಿಂದ, ಹೇಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಬಿಚ್ಚಬೇಕು" ಎಂದವರನ್ನು "ಯಾಕೆ?" ಎಂದು ಕೇಳಿ, ಉತ್ತರ ಬರದಿದ್ದರೆ ಕಾರು ಬಿಡಬೇಡಿ. ಬದಲಿಸಿದ ಹಳೆಯ ಸಾಮಾನನ್ನು ಕೈಗೆ ಕೊಡಿ ಎನ್ನಿ, ನೋಡಿ, ಆಮೇಲೆ ದುಡ್ಡು ಕೊಡಿ. ಜಗಳ ಬೇಕಾಗಿಲ್ಲ. ಕಾಯಿಪಲ್ಲೆ ಕೊಳ್ಳುವಾಗ ಬದನೆಕಾಯಿ ತಿರುಗಿಸಿ ನೋಡುತ್ತೇವಲ್ಲ, ಅಷ್ಟು ಸಾಕು. ಮತ್ತೆ, ನಿಮ್ಮ ತಾಯಿಯೋ ಅತ್ತೆಯೋ ಹಿಂದಿನ ಸೀಟಿನಿಂದ ಏನಾದರೂ ಅಂದರೆ ನನ್ನ ಹಾಗೆ ನಗಬೇಡಿ. ಗ್ಯಾರೇಜಿನವನು ನನಗೆ ಮಾಡಿದ್ದನ್ನೇ ನಾನು ಅಮ್ಮನಿಗೆ ಮಾಡಿದ್ದೆ. ಈ ಲೇಖನದಲ್ಲಿ ನನಗೆ ಬರೆಯಲು ಕಷ್ಟವಾದ ಸಾಲು ಇದೊಂದೇ.

ಕಳೆದ ತಿಂಗಳು ಟೈರು ಬದಲಿಸಲು ಹೋಗಿದ್ದೆ. ಹೊಸ ಹುಡುಗ. ಚಕ್ರ ತಿರುಗಿಸಿ ನೋಡಿ ಏನೋ ಗೊಣಗಿದ. ಏನಪ್ಪಾ ಎಂದೆ. "ಸಾರ್ ಬಂದಿಲ್ವಾ ಮೇಡಂ?" ಎಂದ. "ಸಾರ್‌ಗೆ ಬೇಕಾದ್ರೆ ನಾನು ಹೇಳ್ತೀನಿ. ನೀನು ನನಗೆ ಹೇಳು" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕೂತು, ಟೈರಿನ ಒಳಗಡೆ ಹೇಗೆ ಸವೆದಿದೆ, ಯಾಕೆ ಸವೆದಿದೆ ಎಂದು ಬೆರಳಿಟ್ಟು ತೋರಿಸಿದ. ಚೆನ್ನಾಗಿಯೇ ಹೇಳಿದ. ಬಹುಶಃ ಅವನನ್ನೂ ಯಾರೂ ಅಷ್ಟು ವಿವರವಾಗಿ ಕೇಳಿರಲಿಕ್ಕಿಲ್ಲ.

ಹರಿದ ಮೌಂಟಿಂಗನ್ನು ನಾನು ಎಸೆದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ ಅಮ್ಮ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬಿರುಕಿನೊಳಗೆ ಬೆರಳು ಹಾಕಿ ನೋಡಿದ್ದಳು.

"ನಾನು ಅವತ್ತೇ ಹೇಳ್ಲಿಲ್ವನೇ?" ಅಂದಳು.